ಹಾಸು, ಹೊಕ್ಕು ಮತ್ತು ಕೊಂಡಿ

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಇಳಕಲ್ಲಿಗೆ ಬಂದ ನನ್ನ ಮೊಮ್ಮಗಳು ಬಟ್ಟೆಯ ಚೀಲಕ್ಕಿಂತ ಮೊದಲು ಲ್ಯಾಪ್‌ಟಾಪಿನ ಚೀಲವನ್ನು ಒಳಗೆ ತಂದಿಟ್ಟಳು. ಹತ್ತನೆಯ ತರಗತಿಯ ಹುಡುಗಿ. ರಜೆಯಲ್ಲಿಯೂ ಶಾಲೆ ಅವಳ ಬೆನ್ನು ಬಿಟ್ಟಿರಲಿಲ್ಲ. ಅವಳು ತೋರಿಸಿದ ಹಾಳೆಯಲ್ಲಿ ಹೀಗೆ ಬರೆದಿತ್ತು: ಯಾವುದಾದರೊಂದು ವ್ಯಾಪಾರಕ್ಕೆ ಜಾಲತಾಣವನ್ನು ಯೋಜಿಸಿ, ನಿರ್ಮಿಸಿ, ವರದಿಯೊಡನೆ ಒಪ್ಪಿಸಬೇಕು. ಅವಧಿ ಆರು ವಾರ. ಅಂಕಗಳು 25.

"ಯಾವ ವ್ಯಾಪಾರ ಆರಿಸಿಕೊಂಡಿದ್ದೀಯವ್ವಾ?" ಎಂದು ಕೇಳಿದೆ.

"ಒಂದು ಪಿಜ್ಜಾ ಅಂಗಡಿ ಅಜ್ಜಾ. ಎಲ್ಲರೂ ಅದನ್ನೇ ಮಾಡ್ತಿದ್ದಾರೆ" ಎಂದಳು. ಆ ಅಂಗಡಿ ಎಲ್ಲಿದೆ ಎಂದರೆ ಎಲ್ಲಿಯೂ ಇಲ್ಲ. ಅದರ ಮಾಲೀಕ ಯಾರು ಎಂದರೆ ಯಾರೂ ಅಲ್ಲ.

ಮಗ್ಗದ ಸದ್ದು ಕೇಳಿಸುವ ಊರಿನಲ್ಲಿ ಕುಳಿತು ಇಲ್ಲದ ಪಿಜ್ಜಾ ಅಂಗಡಿಗೆ ಜಾಲತಾಣ ಕಟ್ಟುವುದು ನನಗೇಕೋ ಸರಿ ಕಾಣಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ಕೈಮಗ್ಗಗಳನ್ನು ಇಟ್ಟುಕೊಂಡು ಸೀರೆ ನೇಯಿಸಿ ಮಾರುತ್ತಾನೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜೊತೆಯಲ್ಲಿ ಓದಿದವರು ಊಹಿಸಬಲ್ಲಿರಿ. ಅವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಮಾಡ್ಲಿ ಬಿಡ್ರಿ ಸರ್, ಅದಕ್ಕೇನಾತು" ಎಂದ. ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದೆ. ಅದು ನನ್ನ ತಪ್ಪು.

ಮರುದಿನ ಊಟದ ಹೊತ್ತಿಗೆ ಜಾಲತಾಣ ಸಿದ್ಧವಾಗಿತ್ತು! ಈಗಿನ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾಲ್ಕು ವಾಕ್ಯ ಹೇಳಿದರೆ ಅದು ಪುಟಗಳನ್ನು ತಾನೇ ಹೆಣೆದುಕೊಡುತ್ತದೆಯಂತೆ. ಬಣ್ಣವೇನು, ಅಂದವೇನು! ನಾನೂ ಬೆರಗಾದೆ. ಮೊಮ್ಮಗಳು ಅದನ್ನು ಹಣ ಕೇಳದ ತಾಣವೊಂದರಲ್ಲಿ ಏರಿಸಿ, ಅದರ ಕೊಂಡಿಯನ್ನು ಆ ನೇಕಾರನಿಗೆ ಕಳುಹಿಸಿದಳು. ಅವನು ಓದುವ ಪುರುಸೊತ್ತಿಲ್ಲದೆ, ಮೇಷ್ಟ್ರ ಮೊಮ್ಮಗಳು ಮಾಡಿದ್ದೆಂಬ ಅಭಿಮಾನದಿಂದ, ಅದನ್ನು ತನ್ನ ಹಳೆಯ ಗಿರಾಕಿಗಳಿಗೆಲ್ಲ ರವಾನಿಸಿಬಿಟ್ಟ.

ಮೂರನೆಯ ದಿನ ಅವನ ಫೋನ್ ಬಂತು. ದನಿ ಮೆತ್ತಗಿತ್ತು. "ಸರ್, ತಪ್ಪ ತಿಳೀಬ್ಯಾಡ್ರಿ. ಅದರಾಗಿರೋ ಸೀರಿ ನಮ್ಮವಲ್ಲರೀ. ಒಂದಕ್ಕೂ ಕೊಂಡಿ ಇಲ್ಲ. ಸೊಲ್ಲಾಪುರದ ಗಿರಾಕಿ ಫೋನ್ ಹಚ್ಚಿ, ಮಶೀನ್ ಸೀರಿ ಯಾವಾಗಿಂದ ಸುರು ಮಾಡೀಯಪಾ ಅಂತ ಕೇಳಿದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: "ಇನ್ನೊಂದರೀ. 1952ರಾಗ ನಮ್ಮಪ್ಪ ಅಂಗಡಿ ಇಟ್ಟ ಅಂತ ಬರದೈತಿ. 1952ರಾಗ ನಮ್ಮಪ್ಪ ಇನ್ನೂ ಹುಟ್ಟಿದ್ದಿಲ್ಲರೀ."

ನಾನು ನಗಬೇಕಾಗಿತ್ತು, ನಗು ಬರಲಿಲ್ಲ. ಚಿತ್ರಗಳನ್ನು ಮೊಮ್ಮಗಳು ಎಲ್ಲಿಂದಲೋ ಆರಿಸಿಕೊಂಡಿದ್ದಳು. ಇಸವಿಯನ್ನು ಯಂತ್ರ ತಾನಾಗಿ ಸೃಷ್ಟಿಸಿತ್ತು. ನಡುವೆ ಒಬ್ಬ ಮನುಷ್ಯ ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ನಂಬಿಕೆ ಮೂರು ದಿನಗಳಲ್ಲಿ ಅಲ್ಲಾಡಿತ್ತು. 25 ಅಂಕಗಳಿಗಾಗಿ!

ಇಳಕಲ್ ಸೀರೆಯನ್ನು ಬಲ್ಲವರಿಗೆ ಅವನ ಮಾತಿನ ತೂಕ ಗೊತ್ತು. ದೂರದ ಊರುಗಳಲ್ಲಿ ಬೆಳೆದ ನನ್ನ ಬಂಧುಗಳ ಮಕ್ಕಳಿಗಾಗಿ ಎರಡು ಮಾತು ಹೇಳುತ್ತೇನೆ. ಈ ಸೀರೆಯ ಮೈಯ ಹಾಸಿನ ಎಳೆಗಳು ಸಾಮಾನ್ಯವಾಗಿ ಹತ್ತಿಯವು. ಸೆರಗಿನ ಹಾಸಿನ ಎಳೆಗಳು ರೇಷ್ಮೆಯವು ಅಥವಾ ಕೃತಕ ರೇಷ್ಮೆಯವು. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದನ್ನು 'ಕೊಂಡಿ' ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪುತೆನೆ ಮೂಡುವುದು ಈ ಜೋಡಣೆಯ ಆಚೆಗೆ. ಒಂದು ಸೀರೆಯ ಕೊಂಡಿ ಇನ್ನೊಂದಕ್ಕೆ ಒದಗುವುದಿಲ್ಲವಾದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಈ ಸೀರೆಗೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ನೋಂದಣಿಯಾಗಿದೆ. ಅಂದರೆ 'ಇಳಕಲ್ ಸೀರೆ' ಎಂಬ ಹೆಸರನ್ನು ಕಂಡಕಂಡ ಸೀರೆಗೆ ಅಂಟಿಸುವಂತಿಲ್ಲ. ಕೈಮಗ್ಗದ ಬಟ್ಟೆಯನ್ನು ಗುರುತಿಸಲೆಂದು ಕೇಂದ್ರ ಸರ್ಕಾರ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಯನ್ನೂ ತಂದಿತು. ಇಷ್ಟೆಲ್ಲ ವ್ಯವಸ್ಥೆ ಇರುವುದೇ ನೋಡಲು ಒಂದೇ ಎನಿಸುವ ಎರಡು ಸೀರೆಗಳ ನಡುವಿನ ವ್ಯತ್ಯಾಸವನ್ನು ಕಾಪಾಡುವುದಕ್ಕಾಗಿ. ನಮ್ಮ ಜಾಲತಾಣ ಆ ವ್ಯತ್ಯಾಸವನ್ನೇ ಅಳಿಸಿಹಾಕಿತ್ತು.

ಅಂದು ಸಂಜೆಯೇ ಮೊಮ್ಮಗಳು ಆ ಪುಟಗಳನ್ನು ಇಳಿಸಿದಳು. ಅವಳನ್ನು ಕರೆದುಕೊಂಡು ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ನನಗೆ ಬೇರೊಂದು ನೆನಪು ಕಾಡುತ್ತಿತ್ತು. ಅದನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

1994ರಲ್ಲಿ ನಮ್ಮ ಶಾಲೆಯಲ್ಲಿ 'ನಮ್ಮೂರಿನ ಉದ್ಯೋಗಗಳು' ಎಂಬ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಆಗಲೂ ಅಂಕಗಳು 25. ಅನುಕೂಲಸ್ಥರ ಮನೆಯ ಹುಡುಗನೊಬ್ಬ ಥರ್ಮಾಕೋಲಿನ ಮಗ್ಗವನ್ನು ತಂದಿದ್ದ. ಬೋರ್ಡು ಬರೆಯುವ ಪೇಂಟರ್ ಒಬ್ಬನಿಂದ ಮಾಡಿಸಿದ್ದೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅವನಿಗೆ 23 ಕೊಟ್ಟೆ. ಇನ್ನೊಬ್ಬ, ಇದೇ ನೇಕಾರ, ಒಂದು ನೋಟ್‌ಬುಕ್ ತಂದಿದ್ದ. ಒಂದು ಸೀರೆಗೆ ನೂಲು ಎಷ್ಟು, ಬಣ್ಣಕ್ಕೆ ಎಷ್ಟು, ಹಾಸು ಹೂಡಲು ಎಷ್ಟು ಹೊತ್ತು, ಕೊನೆಗೆ ಅಪ್ಪನ ಕೈಗೆ ಉಳಿಯುವುದೆಷ್ಟು ಎಂದು ತನ್ನ ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದ. ಪುಟಗಳ ಮೇಲೆ ಬಣ್ಣದ ಕಲೆಗಳಿದ್ದವು. "ಅಂದವಾಗಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು 11 ಕೊಟ್ಟೆ.

ಬಿ.ಎಡ್. ಓದುವಾಗ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಬಂಧದ ಬಗ್ಗೆ ನಾನು ಬಾಯಿಪಾಠ ಮಾಡಿದ್ದೆ. ಅವರು ಹೇಳಿದ ಹಂತಗಳು ನಾಲ್ಕು: ಉದ್ದೇಶ, ಯೋಜನೆ, ಕಾರ್ಯ, ಮೌಲ್ಯಮಾಪನ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಒಳ್ಳೆಯ ಅಂಕಗಳೂ ಬಂದವು. ಆದರೆ ತರಗತಿಯಲ್ಲಿ ನಿಂತಾಗ ಮೊದಲ ಎರಡು ಹಂತಗಳನ್ನು ಮರೆತು, ಮೂರನೆಯದರ ಹೊರಮೈಯನ್ನು ಮಾತ್ರ ನೋಡಿ, ನಾಲ್ಕನೆಯದನ್ನು ಕೆಂಪು ಶಾಯಿಯಲ್ಲಿ ಮುಗಿಸಿದೆ. ತಮಾಷೆಯೆಂದರೆ, 'ಪ್ರಾಜೆಕ್ಟ್' ಎಂಬುದಕ್ಕೆ ಕನ್ನಡದಲ್ಲಿ ನಾವು ಕೊಟ್ಟುಕೊಂಡ ಹೆಸರೇ 'ಯೋಜನೆ'. ಹೆಸರಿನಲ್ಲಿರುವುದು ಕೆಲಸದಲ್ಲಿ ಇರಲಿಲ್ಲ.

ಇರಲಿ. ನಾವು ಹೋದಾಗ ಅವನು ಹೊಸ ಸೀರೆಗೆ ಹಾಸು ಹೂಡುತ್ತಿದ್ದ. ಮೊಮ್ಮಗಳು ಕ್ಷಮೆ ಕೇಳಿದಳು. "ಆಗ್ಲಿ ಬಿಡವಾ, ಕೂಡ್ರು" ಎಂದ. ಅಂದು ಅವಳ ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ಬರಲಿಲ್ಲ. ಎರಡು ಗಂಟೆ ನೋಡಿದಳು, ಕೇಳಿದಳು, ಬರೆದುಕೊಂಡಳು. ಅವಳು ಕೇಳಿದ ಪ್ರಶ್ನೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: "ನಿಮಗೆ ಫೋನ್ ಮಾಡುವವರು ಸಾಮಾನ್ಯವಾಗಿ ಏನು ಕೇಳ್ತಾರೆ ಕಾಕಾ?" ಅವನು ಬೆರಳು ಮಡಿಚಿ ಎಣಿಸಿದ. ಇದು ಕೈಮಗ್ಗದ್ದೇ? ಸೆರಗು ರೇಷ್ಮೆಯದೋ ಅಲ್ಲವೋ? ಬಣ್ಣ ಹೋಗುತ್ತದೆಯೇ? ಬೆಲೆ ಎಷ್ಟು? ಎಷ್ಟು ದಿನಕ್ಕೆ ಸಿಗುತ್ತದೆ? ಜಾಲತಾಣದ ಪುಟಗಳು ಯಾವುವೆಂಬುದು ಅಲ್ಲಿಯೇ ನಿಶ್ಚಯವಾಯಿತು. ಆ ಐದು ಪ್ರಶ್ನೆಗಳಿಗೆ ಉತ್ತರ ಕೊಡದ ಪುಟ ಎಷ್ಟೇ ಚೆನ್ನಾಗಿದ್ದರೂ ಅವನಿಗೆ ಬೇಡ. ಕೊಡುವ ಪುಟ ಎಷ್ಟೇ ಸರಳವಾಗಿದ್ದರೂ ಸಾಕು.

ಮನೆಗೆ ಬಂದು ಅಜ್ಜ ಮೊಮ್ಮಗಳು ಇಬ್ಬರೂ ಕೂಡಿ ಹಾಳೆಯ ಮೇಲೆ ಯೋಜನೆ ಹಾಕಿದೆವು. ನಡುವೆ ಮುಖಪುಟ, ಅದರಿಂದ ಹೊರಡುವ ನಾಲ್ಕು ಗೆರೆಗಳು: ಸೀರೆಗಳು, ನೇಯುವ ಬಗೆ, ಪ್ರಶ್ನೋತ್ತರ, ವಿಳಾಸ. ಯಾವ ಪುಟದಿಂದ ಯಾವ ಪುಟಕ್ಕೆ ಹೋಗಬೇಕೆಂದು ಬಾಣ ಎಳೆಯುವಾಗ ಅವಳು ಥಟ್ಟನೆ, "ಅಜ್ಜಾ, ಇದಕ್ಕೂ ಕೊಂಡಿ ಅಂತಲೇ ಅಂತಾರಲ್ವಾ!" ಎಂದಳು. ಹೌದು, ಜಾಲತಾಣದ ಲಿಂಕಿಗೆ ಕನ್ನಡಿಗರು ಕೊಟ್ಟ ಹೆಸರೂ ಅದೇ. ಮೈಗೂ ಸೆರಗಿಗೂ ನಡುವಿನ ಕೊಂಡಿ ತಪ್ಪಿದರೆ ಸೀರೆ ಕೆಡುತ್ತದೆ. ಮಾತಿಗೂ ವಸ್ತುವಿಗೂ ನಡುವಿನ ಕೊಂಡಿ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ಮೂರು ದಿನಗಳ ಹಿಂದೆಯೇ ಕಂಡಿದ್ದೆವು.

ಉಳಿದ ಐದು ವಾರಗಳನ್ನು ಹೀಗೆ ಹಂಚಿದೆವು. ಎರಡನೆಯ ವಾರ ಬರಹ ಮತ್ತು ಚಿತ್ರಗಳ ಸಂಗ್ರಹ. ಮೂರು ಮತ್ತು ನಾಲ್ಕನೆಯ ವಾರ ನಿರ್ಮಾಣ. ಐದನೆಯ ವಾರ ಪರೀಕ್ಷೆ. ಆರನೆಯ ವಾರ ತಿದ್ದುಪಡಿ ಮತ್ತು ವರದಿ. ಚಿತ್ರಗಳನ್ನು ಅವನ ಮನೆಯಂಗಳದಲ್ಲಿ ಬೆಳಗಿನ ಬೆಳಕಿನಲ್ಲಿ ಅವಳೇ ತೆಗೆದಳು. ದಾಳಿಂಬೆ ಕೆಂಪು ಪರದೆಯ ಮೇಲೂ ದಾಳಿಂಬೆ ಕೆಂಪಾಗಿಯೇ ಕಾಣುವವರೆಗೆ ಮತ್ತೆ ಮತ್ತೆ ತೆಗೆದಳು. ಒಂದೊಂದು ಚಿತ್ರವೂ ನಾಲ್ಕೈದು ಎಂ.ಬಿ. ಇತ್ತು. ಹಳ್ಳಿಯ ನಿಧಾನದ ಸಂಪರ್ಕದಲ್ಲಿ ಅದು ತೆರೆಯುವಷ್ಟರಲ್ಲಿ ಗಿರಾಕಿಯ ತಾಳ್ಮೆ ತೀರುತ್ತದೆಂದು ಇನ್ನೂರು ಕೆ.ಬಿ.ಗೆ ಇಳಿಸಿದಳು. ಕಣ್ಣು ಕಾಣದವರ ಫೋನ್ ಓದಿ ಹೇಳುವಂತೆ ಪ್ರತಿ ಚಿತ್ರದ ಹಿಂದೆ ಒಂದು ಸಾಲಿನ ವಿವರಣೆಯನ್ನೂ ಬರೆದಿಟ್ಟಳು. ಅವನಲ್ಲಿದ್ದ ದರಪಟ್ಟಿ ಯೂನಿಕೋಡಿಗಿಂತ ಹಿಂದಿನ ಅಕ್ಷರಶೈಲಿಯಲ್ಲಿತ್ತು. ಪುಟಕ್ಕೆ ತಂದೊಡನೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಗುರುತುಗಳ ರಾಶಿಯಾಯಿತು. ಕುಳಿತು ಮತ್ತೆ ಬೆರಳಚ್ಚು ಮಾಡಿದೆವು. ಈ ಸೀರೆಯನ್ನು ಉಡುವವರು ಮಹಾರಾಷ್ಟ್ರದಲ್ಲಿಯೂ ಬಹಳ. ಆದ್ದರಿಂದ ಕನ್ನಡ, ಇಂಗ್ಲಿಷಿನ ಜೊತೆಗೆ ಮರಾಠಿಯೂ ಬೇಕೆಂದಾಯಿತು. ಅವನ ಹೆಂಡತಿಯ ತವರು ಸೊಲ್ಲಾಪುರ. ಆಕೆ ಹೇಳಿದರು, ಇವಳು ಬರೆದುಕೊಂಡಳು.

ಏನನ್ನು ಮಾಡಬಾರದೆಂದು ನಿರ್ಧರಿಸುವುದೂ ಯೋಜನೆಯ ಭಾಗವೇ. ಜಾಲತಾಣದಲ್ಲಿಯೇ ಹಣ ಪಡೆಯುವ ಏರ್ಪಾಡು ಬೇಕೆಂದು ಮೊಮ್ಮಗಳಿಗೆ ಆಸೆಯಿತ್ತು. ನಾನು ಬೇಡವೆಂದೆ. ಅಂತರ್ಜಾಲದ ಮೂಲಕ ಮಾರುವವರು ತಮ್ಮ ಹೆಸರು, ವಿಳಾಸ, ಮಾಲು ಹಿಂದಿರುಗಿಸುವ ನಿಯಮ, ದೂರು ಕೇಳುವ ವ್ಯವಸ್ಥೆ ಮುಂತಾದವುಗಳನ್ನು ಸ್ಪಷ್ಟಪಡಿಸಬೇಕೆಂದು ಗ್ರಾಹಕರ ರಕ್ಷಣೆಗಾಗಿ 2020ರಲ್ಲಿ ಬಂದ ನಿಯಮಗಳು ಹೇಳುತ್ತವೆ. ಗಿರಾಕಿಗಳ ಹೆಸರು, ಫೋನ್ ಸಂಖ್ಯೆಗಳನ್ನು ಕಲೆಹಾಕಿದರೆ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶದ ಕಾಯಿದೆಯನ್ನೂ ನೆನೆಯಬೇಕು. ಹದಿನೈದು ವರ್ಷದ ಹುಡುಗಿ ಇನ್ನೊಬ್ಬರ ಹಣಕ್ಕೂ ಗುಟ್ಟಿಗೂ ಹೊಣೆಯಾಗುವುದು ಬೇಡ. ಅಂಗಡಿಯ ಫೋನ್ ಸಂಖ್ಯೆ ಒಂದಿದ್ದರೆ ಸಾಕು. ಮಾತಾಡಿ ಕೊಳ್ಳುವುದು ಅವರ ಹಳೆಯ ಪದ್ಧತಿ.

ದೀಪಾವಳಿಗೆ ಅವಳು ಮತ್ತೆ ಬಂದಾಗ ಪರೀಕ್ಷೆ ನಡೆಯಿತು. ಪರೀಕ್ಷಕರು ನೇಕಾರನ ಮನೆಯವರು. ಸಲಕರಣೆ ಗಾಜು ಒಡೆದ ಹಳೆಯ ಫೋನ್. ಮನೆಯಾಕೆ ಬೆಲೆಯ ಪುಟವನ್ನು ಹುಡುಕಲಾರದೆ ಹೋದರು. ಮೊಮ್ಮಗಳು ಬಾಯಿ ತೆರೆಯುವಷ್ಟರಲ್ಲಿ ಕಣ್ಸನ್ನೆಯಿಂದ ತಡೆದೆ. ಗಿರಾಕಿಯ ಪಕ್ಕದಲ್ಲಿ ನಿಂತು ದಾರಿ ತೋರಿಸಲು ಅವಳು ಯಾವಾಗಲೂ ಇರುವುದಿಲ್ಲವಲ್ಲ. ಅಂದು ರಾತ್ರಿಯೇ ಕುಳಿತು ಅದನ್ನು ಸರಿಪಡಿಸಿದಳು.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ, ಹಲವರು ಪಾಲಕರಾಗಿದ್ದೀರಿ, ಆದ್ದರಿಂದ ಹೇಳುತ್ತೇನೆ.

ಮೊದಲನೆಯದು, ಇಂಥ ಕೆಲಸದಲ್ಲಿ ಅರ್ಧದಷ್ಟು ಅಂಕಗಳು ಯೋಜನೆಗೇ ಸಲ್ಲಬೇಕು. ಪುಟ ಕಟ್ಟುವ ಶ್ರಮವನ್ನು ಯಂತ್ರ ಹತ್ತು ನಿಮಿಷಕ್ಕೆ ಇಳಿಸಿರುವ ಈ ಕಾಲದಲ್ಲಿ, ಸಿದ್ಧವಾದ ಪುಟದ ಅಂದವನ್ನು ನೋಡಿ ಅಂಕ ಕೊಡುವುದು ಯಂತ್ರಕ್ಕೆ ಅಂಕ ಕೊಟ್ಟಂತೆ. ಯಂತ್ರವನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ. ಎರಡನೆಯ ಸಲವೂ ಪುಟದ ಚೌಕಟ್ಟನ್ನು ಹೆಣೆಯಲು ಮೊಮ್ಮಗಳು ಅದರ ನೆರವು ಪಡೆದಳು. ಆದರೆ ಏನನ್ನು ಹೇಳಬೇಕೆಂಬುದನ್ನು ಅದಕ್ಕೆ ಬಿಡಲಿಲ್ಲ. ನೇಕಾರನ ಅಪ್ಪ ಹುಟ್ಟಿದ ವರ್ಷ ಯಂತ್ರಕ್ಕೆ ಗೊತ್ತಿರುವುದಿಲ್ಲ. ಹೋಗಿ ಕೇಳಬೇಕು. ಜಗದ್ವ್ಯಾಪಿ ಜಾಲವೂ ಹುಟ್ಟಿದ್ದು ಹೀಗೆಯೇ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಜನ ಬಂದು ಹೋಗುತ್ತಿದ್ದಂತೆ ಅವರೊಡನೆ ತಿಳಿವಳಿಕೆಯೂ ಕಳೆದುಹೋಗುತ್ತಿದೆ ಎಂಬ ತೊಂದರೆಯನ್ನು ಗುರುತಿಸಿ, ಟಿಮ್ ಬರ್ನರ್ಸ್-ಲೀ 1989ರ ಮಾರ್ಚಿಯಲ್ಲಿ ಬರೆದದ್ದು ಒಂದು ಪ್ರಸ್ತಾವವನ್ನು. ಜಾಲ ಕೆಲಸ ಮಾಡತೊಡಗಿದ್ದು ಮರುವರ್ಷದ ಕೊನೆಗೆ. ಮೊದಲು ಕೊರತೆಯ ಅರಿವು, ಆಮೇಲೆ ಕಾಗದ, ಕೊನೆಗೆ ಯಂತ್ರ.

ಎರಡನೆಯದು, ಆರಿಸಿಕೊಳ್ಳುವ ವ್ಯಾಪಾರ ನಿಜವಾದದ್ದಾಗಿರಬೇಕು, ಮತ್ತು ಮಾಲೀಕ ಓದಿ ಒಪ್ಪುವವರೆಗೆ ಒಂದಕ್ಷರವೂ ಲೋಕದೆದುರು ಹೋಗಬಾರದು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇದನ್ನೆಲ್ಲ ಯಾರು ನೋಡಿಯಾರು ಎಂದು ಕೇಳಬಹುದು. ಮಾಲೀಕನ ಸಹಿಯಿರುವ ಒಂದು ಚೀಟಿ ಸಾಕು: "ಇದರಲ್ಲಿರುವುದನ್ನು ಓದಿದ್ದೇನೆ, ಇದು ನಿಜ." ಇಲ್ಲದ ಪಿಜ್ಜಾ ಅಂಗಡಿ ಯಾವ ಸುಳ್ಳನ್ನೂ ಆಕ್ಷೇಪಿಸುವುದಿಲ್ಲ, ಆದ್ದರಿಂದಲೇ ಅದು ಏನನ್ನೂ ಕಲಿಸುವುದಿಲ್ಲ. ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿ, ಖಾನಾವಳಿ ಇಲ್ಲದ ಊರು ಯಾವುದಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರರಂಥವರ ಬಳಿ ಕಲಿಯಿರಿ ಎನ್ನುತ್ತದೆ. ಹತ್ತನೆಯ ತರಗತಿಗೆ ಬಂದವರು ಚೀಲ ಹೊತ್ತುಕೊಂಡೇ ಹೋಗಬಹುದಲ್ಲ!

ಮೂರನೆಯದು, ವಿಚಾರಿಸಿದ ಮೇಲೆ "ಈ ಅಂಗಡಿಗೆ ಜಾಲತಾಣವೇ ಬೇಡ, ಫೋನಿನಲ್ಲಿ ನಾಲ್ಕು ಒಳ್ಳೆಯ ಚಿತ್ರ ಕಳುಹಿಸಿದರೆ ಸಾಕು" ಎಂದು ಒಬ್ಬ ವಿದ್ಯಾರ್ಥಿ ಕಾರಣ ಸಹಿತ ಬರೆದರೆ, ಯೋಜನೆಯ ಅಂಕಗಳೆಲ್ಲವೂ ಅವನಿಗೆ ಸಿಗಬೇಕು. ಬೇಡವೆಂದು ಹೇಳುವ ಸ್ವಾತಂತ್ರ್ಯವಿಲ್ಲದ ಯೋಜನೆ ಯೋಜನೆಯೇ ಅಲ್ಲ.

ನಾಲ್ಕನೆಯದು, ಅಂಕ ಬಂದ ಮೇಲೆ ಆ ಪುಟಗಳ ಗತಿಯೇನೆಂಬುದು ಯೋಜನೆಯಲ್ಲಿಯೇ ಬರೆದಿರಬೇಕು. ಮಗು ಮುಂದಿನ ತರಗತಿಗೆ ಹೋಗುತ್ತದೆ. ಹಳೆಯ ಬೆಲೆ ಪುಟದಲ್ಲಿ ಉಳಿಯುತ್ತದೆ. ಅಂಗಡಿಯವನು ಗಿರಾಕಿಯೊಡನೆ ಜಗಳವಾಡಬೇಕಾಗುತ್ತದೆ. ನಮ್ಮ ಜಾಲತಾಣದ ಖಾತೆ ಈಗ ನೇಕಾರನ ಹೆಸರಿನಲ್ಲಿದೆ. ಪಿಯುಸಿ ಓದುತ್ತಿರುವ ಅವನ ಮಗಳು ಬೆಲೆ ಬದಲಿಸುವುದನ್ನು ಕಲಿತಿದ್ದಾಳೆ. ಪುಟದ ಕೆಳಗೆ ಕೊನೆಯ ಸಲ ತಿದ್ದಿದ ದಿನಾಂಕವಿದೆ.

ಎಲ್ಲ ಮುಗಿದ ದಿನ ಸಹಿಯ ಚೀಟಿಗಾಗಿ ಅವನ ಮನೆಗೆ ಹೋಗಿದ್ದೆವು. ಈ ಸಲ ಅವನು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ. ಮೊಮ್ಮಗಳು ಸಲುಗೆಯಿಂದ, "ಕಾಕಾ, 25ಕ್ಕೆ ನೀವೆಷ್ಟು ಕೊಡ್ತೀರಿ?" ಎಂದು ಕೇಳಿದಳು. ಅವನು ನನ್ನ ಕಡೆ ನೋಡಿ ನಕ್ಕ. "ಹನ್ನೊಂದಕ್ಕಿಂತ ಜಾಸ್ತಿ ಕೊಡ್ತೀನವಾ" ಎಂದ.

ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ನಡೆದು, "ಆ ನೋಟ್‌ಬುಕ್ ಅವರ ಹತ್ತಿರ ಇನ್ನೂ ಇದೆಯಾ ಅಜ್ಜಾ?" ಎಂದು ಕೇಳಿದಳು. ನಾನು ಅವನನ್ನು ಕೇಳಿರಲಿಲ್ಲ. ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಶಾಲೆಯವರು ಅವಳಿಗೆ 21 ಕೊಟ್ಟರು. ಪುಟಗಳು ಇನ್ನೂ ಆಕರ್ಷಕವಾಗಿರಬಹುದಿತ್ತು ಎಂದು ಬರೆದಿದ್ದರಂತೆ. ಆ ಶಿಕ್ಷಕರ ಮೇಲೆ ನನಗೆ ಕೋಪವಿಲ್ಲ; ಆ ಷರಾ ಬರೆಯುವ ಕೈ ನನಗೆ ಪರಿಚಿತವೇ. ನಿಮ್ಮ ಮನೆಯ ಮಗು ನಾಳೆ ಇಂಥದೊಂದು ಹಾಳೆ ಹಿಡಿದು ಬಂದರೆ ಕಂಪ್ಯೂಟರ್ ತೆರೆಯುವ ಮೊದಲು ಒಂದು ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ಗಂಟೆ ಕೂಡಿಸಿ ಬನ್ನಿ. ಹಾಸು ಹೂಡದೆ ಲಾಳಿ ಎಸೆದರೆ ಬಟ್ಟೆಯಾಗುವುದಿಲ್ಲ. ನಮ್ಮೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಮಾತ್ರ ತಿಳಿಯಲು ಇಷ್ಟು ವರ್ಷಗಳು ಬೇಕಾದವು.